ಪಂಪ್‌ಹೌಸಿನ ಸ್ಟೋರು ರೂಮು

ಊರಿನ ಹೊಲಸು ಇನ್ನು ಮುಂದೆ ಪುರಸಭೆಯದ್ದಲ್ಲ, ಜಲಮಂಡಳಿಯದ್ದು ಎಂಬ ಸುದ್ದಿಯನ್ನು ನಮಗೆ ತಂದವರು ಆಗ್ಲಿ ಸಾಹೇಬರು. ಅವರು ಪುರಸಭೆಯ ಎಂಜಿನಿಯರು. ಏನು ಕೇಳಿದರೂ ‘ಆಗ್ಲಿ ಆಗ್ಲಿ, ನೋಡೋಣ’ ಅನ್ನುತ್ತಾರೆ. ಆಮೇಲೆ ಅವರು ನೋಡಿದ್ದನ್ನು ಮಾತ್ರ ಯಾರೂ ನೋಡಿಲ್ಲ. ಅದಕ್ಕೇ ಆ ಹೆಸರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತು ಹೇಳಿದರು.

“ಬಾವಿ, ಮೋಟಾರು, ಪೈಪು, ಜಾಗ, ಕಾಂಪೌಂಡು, ಎಲ್ಲಾ ಮಂಡಳಿಗೆ ಬರ್ಕೊಡ್ತಿದೀವಿ ಕಣಯ್ಯಾ. ಒಂದು ಪೀಡೆ ಕಳೀತು.”

“ನಾವು ಯಾರ ಪಾಲಿಗೆ ಬರ್ತೀವಿ ಸಾರ್?” ಅಂದೆ.

“ಆಸ್ತಿ ಅಂದ್ರೆ ಆಸ್ತಿ. ಮನುಷ್ಯರು ಅದ್ರಲ್ಲಿ ಬರಲ್ಲ.”

ಅಪ್ಪ ನನ್ನತ್ತ ಕಣ್ಣು ಬಿಟ್ಟ. ಅಪ್ಪನಿಗೆ ಸಾಹೇಬರ ಮುಂದೆ ಬೆನ್ನುಮೂಳೆ ಇರುವುದಿಲ್ಲ. ಅವರು ಹೋದ ಮೇಲೆ ವಾಪಸು ಬರುತ್ತದೆ, ಅದೂ ನನ್ನನ್ನು ಬೈಯುವುದಕ್ಕೆ.

ನಮ್ಮದು ಒಳಚರಂಡಿಯ ಪಂಪ್‌ಹೌಸು. ಊರಿನ ಅತಿ ತಗ್ಗಿನಲ್ಲಿದೆ. ಮೇಲಿನ ಬೀದಿಗಳವರು ತೊಳೆದದ್ದು, ಬಳಿದದ್ದು, ಕಕ್ಕಿದ್ದು ಎಲ್ಲ ಇಳಿದು ಬಂದು ನಮ್ಮ ಬಾವಿಯಲ್ಲಿ ಸೇರುತ್ತದೆ. ಅದನ್ನು ಮೋಟಾರು ಎತ್ತಿ ಆಚೆ ದಿನ್ನೆಯ ಶುದ್ಧೀಕರಣದ ಕೊಳಗಳಿಗೆ ತಳ್ಳುತ್ತದೆ. ಅಪ್ಪ ಪಂಪ್ ಆಪರೇಟರು. ನಾನು ಎಂಟನೇ ಕ್ಲಾಸಿಗೇ ಪುಸ್ತಕ ಮೂಲೆಗೆಸೆದು ಬಂದವನು, ದಿನಗೂಲಿ. ಬಾವಿಯ ಬಾಯಿಯ ಜಾಲರಿಗೆ ಸಿಕ್ಕಿಕೊಳ್ಳುವ ಬಟ್ಟೆ, ಪ್ಲಾಸ್ಟಿಕ್ಕು, ಕೂದಲಿನ ಉಂಡೆಗಳನ್ನು ಕುಂಟೆಯಿಂದ ಎಳೆದು ಹಾಕುವುದು ನನ್ನ ಕೆಲಸ. ಅಜ್ಜಿ ನನ್ನನ್ನು ‘ಪಟಾಕಿ’ ಅಂತ ಕರೆಯುತ್ತಾಳೆ. ಇಷ್ಟೆಲ್ಲ ವಾಸನೆ ಕುಡಿದ ಮೇಲೂ ಸಿಟ್ಟು ಬರದವನು ಮನುಷ್ಯನೇ ಅಲ್ಲ ಎಂಬುದು ನನ್ನ ಲೆಕ್ಕ.

ಮೋಟಾರಿನ ಹಾಲಿಗೆ ಬೆನ್ನು ಕೊಟ್ಟುಕೊಂಡು ಒಂದು ದೊಡ್ಡ ರೂಮಿದೆ. ಹಿಂದೆ ಬ್ಲೀಚಿಂಗ್ ಪೌಡರಿನ ಮೂಟೆ ಇಡುತ್ತಿದ್ದ ಸ್ಟೋರು. ಮೋಟಾರು ಯಾವ ಹೊತ್ತಿಗೆ ನಿಲ್ಲುತ್ತದೋ ಗೊತ್ತಿಲ್ಲ, ಆಪರೇಟರು ಹತ್ತಿರ ಇರಲಿ ಎಂದು ಯಾವನೋ ಹಳೆಯ ಸಾಹೇಬ ಅಪ್ಪನಿಗೆ ಅದರ ಬೀಗದ ಕೈ ಕೊಟ್ಟ. ನಾನು ಹುಟ್ಟಿದ್ದು ಅಲ್ಲೇ. ಒಂದು ಬೀರು ಅಡ್ಡ ನಿಲ್ಲಿಸಿದರೆ ಈಚೆ ಅಡುಗೆಮನೆ, ಆಚೆ ಮಲಗುವ ಮನೆ, ಕಿಟಕಿಯ ಕೆಳಗೆ ಅಜ್ಜಿಯ ಮಂಚ. ಗೋಡೆಗೆ ಒರಗಿದರೆ ಮೋಟಾರಿನ ನಡುಕ ಬೆನ್ನಿಗೆ ಇಳಿಯುತ್ತದೆ. ಸೊಂಟನೋವಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ ಅನ್ನುತ್ತಾಳೆ ಅಜ್ಜಿ. ಇದು ಬಿಟ್ಟರೆ ನಮಗೆ ತಲೆ ಮೇಲೆ ಸೂರಿಲ್ಲ.

“ಒಂದೇ ತೊಡಕು,” ಅಂದರು ಸಾಹೇಬರು. “ಜನ ವಾಸ ಇರೋ ಕಟ್ಟಡ ಅಂದ್ರೆ ಮಂಡಳಿಯವ್ರು ಮುಟ್ಟಲ್ಲ. ತಪಾಸಣೆ ದಿನ ನಿಮ್ಮನೆ ಸ್ಟೋರಿನ ಥರ ಕಾಣಿಸ್ಲಿ, ಸಾಕು. ಅವ್ರು ಸೈನ್ ಹಾಕಿ ಹೋದ್ಮೇಲೆ ಮತ್ತೆ ಒಳಗೆ ಬನ್ನಿ. ಯಾರು ಕೇಳ್ತಾರೆ?”

“ಆಗ್ಲಿ ಸಾರ್,” ಅಂದ ಅಪ್ಪ. ಅವರ ಮಾತನ್ನು ಅವರಿಗೇ ತಿರುಗಿಸಿ ಕೊಟ್ಟಂತಾಯಿತು. ಆದರೆ ಅಪ್ಪನಿಗೆ ತಮಾಷೆ ಮಾಡಲು ಬರುವುದಿಲ್ಲ.

ಅವರ ಜೀಪು ತಿರುಗುತ್ತಿದ್ದಂತೆ ನಾನು ಶುರು ಮಾಡಿದೆ. “ಇರೋದನ್ನ ಇದ್ದಂಗೆ ತೋರ್ಸಪ್ಪಾ. ಅಜ್ಜಿ ಮಂಚ ಅಲ್ಲೇ ಇರ್ಲಿ, ಒಲೆ ಮೇಲೆ ಪಾತ್ರೆ ಇರ್ಲಿ. ನಾಲ್ಕು ಜನ ಇದಾರೆ ಅಂತ ಕಣ್ಣಾರೆ ನೋಡಿದ್ರೆ ಏನಾದ್ರೂ ದಾರಿ ಮಾಡ್ಲೇಬೇಕಲ್ಲ!”

“ಸಾಹೇಬ್ರು ಮಾತು ಕೊಟ್ಟಿದಾರೆ.”

“ಅವ್ರ ಮಾತು ನಮ್ ಎರಡನೇ ಮೋಟಾರ್ ಇದ್ದಂಗೆ. ಬಣ್ಣ ಹೊಡ್ದಿದಾರೆ, ಓಡಲ್ಲ.”

“ಲೇ, ನನ್ನನ್ನ ಮಂಡಳಿ ಕೆಲಸಕ್ಕೆ ಎರವಲು ಕಳಿಸೋ ಆರ್ಡರ್ ಅವ್ರೇ ಬರೀಬೇಕು. ನಿನ್ ಬಾಯಿಗೆ ಅದೂ ಬಲಿಯಾಗೋದು ಬೇಡ.”

ಅಮ್ಮ ಸುಸ್ತಾದಾಗ ಬೈಯುವುದನ್ನೂ ಬಿಡುತ್ತಾಳೆ. ಪಾತ್ರೆಗಳನ್ನು ಒಂದರೊಳಗೊಂದು ಇಡತೊಡಗಿದಳು.

ಈ ಇಲಾಖೆಯಲ್ಲಿ ತಪಾಸಣೆ ಎಂದರೆ ಏನು ಎಂಬುದನ್ನು ಹೇಳಿಬಿಡುತ್ತೇನೆ. ದೊಡ್ಡವರು ಬರುತ್ತಾರೆ ಅಂದ ಕೂಡಲೇ ನಾವು ಫಿನಾಯಿಲು ಹೊಯ್ಯುತ್ತೇವೆ, ದಾರಿಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆಯುತ್ತೇವೆ, ಕೆಟ್ಟ ಮೋಟಾರಿಗೆ ಹಸಿರು ಬಣ್ಣ ಬಳಿಯುತ್ತೇವೆ. ಬಾವಿಯ ಗೋಡೆ ಎಲ್ಲಿ ಸೋರುತ್ತದೋ ಅಲ್ಲಿ ಹೂವಿನ ಕುಂಡ ಇಡುತ್ತೇವೆ. ಬಂದವರು “ಚೆನ್ನಾಗಿ ಇಟ್ಕೊಂಡಿದೀರ” ಅಂದು ಹೋಗುತ್ತಾರೆ. ಚೆನ್ನಾಗಿದೆ ಅಂದ ಮೇಲೆ ರಿಪೇರಿ ಯಾಕೆ? ಮರುದಿನದಿಂದ ಮತ್ತೆ ನಾವು, ನಮ್ಮ ಸೋರಿಕೆ. ನಮ್ಮ ಕಷ್ಟವನ್ನು ನಮ್ಮ ಕೈಯಿಂದಲೇ ಮುಚ್ಚಿಸಿ ಅದಕ್ಕೆ ಶಹಬ್ಬಾಸ್ ಅನ್ನುತ್ತಾರೆ. ಇದು ಅಪ್ಪನ ರಕ್ತದಲ್ಲೇ ಸೇರಿಹೋಗಿದೆ. ಗುಮಾಸ್ತ ಬಂದರೂ ಸಾಕು, ಕೈ ತಾನಾಗಿ ಫಿನಾಯಿಲಿನ ಡಬ್ಬಿಗೆ ಹೋಗುತ್ತದೆ.

ಆದ್ದರಿಂದ ಅಪ್ಪ ನಮ್ಮ ಮನೆಯನ್ನು ಸ್ಟೋರು ಮಾಡಿದ್ದು ಅರ್ಧಂಬರ್ಧ ಅಲ್ಲ. ಅಡುಗೆಯ ಮೂಲೆಯ ಮಸಿ ಕೆರೆದು ಸುಣ್ಣ ಹೊಡೆದ. ಬಟ್ಟೆಯ ಹಗ್ಗ ಇದ್ದ ಮೊಳೆಗೆ ಸರಪಳಿ ನೇತುಹಾಕಿದ. ಹಳೆಯ ವಾಲ್ವುಗಳನ್ನು ತಂದು ಗೋಡೆಯುದ್ದಕ್ಕೂ ದೊಡ್ಡದು ಚಿಕ್ಕದು ಅಂತ ಸಾಲಾಗಿಟ್ಟ. ಒಗ್ಗರಣೆಯ ವಾಸನೆ ಹೋಗಲಿಲ್ಲ ಅಂತ ನೆಲಕ್ಕೆ ಚೂರು ಗ್ರೀಸು ತಿಕ್ಕಿದ. ಅಜ್ಜಿಯ ಮಂಚ ಮೋಟಾರು ಹಾಲಿನ ಹಿಂದೆ ತಾಡಪಾಲಿನ ಅಡಿಗೆ ಹೋಯಿತು. ಬೀರು, ಹಾಸಿಗೆ, ಪಾತ್ರೆಯ ಮೂಟೆ ಎಲ್ಲ ಅಲ್ಲಿಗೇ. ಅಪ್ಪ ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿ ನೋಡಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ಅದನ್ನು ನೋಡಿ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಏನೋ, ನನ್ನನ್ನ ಎಲ್ಲಿ ಬಚ್ಚಿಡ್ತೀಯಾ?” ಅಂದಳು ಅಜ್ಜಿ ಅಪ್ಪನಿಗೆ. “ನನಗೂ ಸ್ವಲ್ಪ ಗ್ರೀಸ್ ಹಚ್ಚು. ವಾಲ್ವ್ ಪಕ್ಕ ಕೂತ್ಕೋತೀನಿ.”

“ಅಮ್ಮಾ, ಒಂದು ದಿನ ಬಾಯಿ ಮುಚ್ಕೊಂಡಿರು.”

ಅಜ್ಜಿಯನ್ನು ಗೇಟಿನ ಹೊರಗೆ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಯಾರೋ ದಾರಿಹೋಕ ಮುದುಕಿ ಸುಧಾರಿಸಿಕೊಳ್ಳುತ್ತಿರುವ ಹಾಗೆ. ಅಮ್ಮ ಪಕ್ಕದಲ್ಲಿ ನಿಂತಳು.

ಮಂಡಳಿಯ ಕಡೆಯಿಂದ ಬಂದದ್ದು ಒಬ್ಬ ಹೆಂಗಸು, ಎಂಜಿನಿಯರು. ಜೊತೆಗೆ ಒಬ್ಬ ಫಿಟ್ಟರು. ಹಿಂದಿನ ಜೀಪಿನಲ್ಲಿ ಆಗ್ಲಿ ಸಾಹೇಬರು. ಆಕೆ ಮೂಗಿಗೆ ಏನೂ ಹಿಡಿದುಕೊಳ್ಳಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬೆಳಗಿನಿಂದ ಇಂಥವೇ ಎಷ್ಟು ಪಂಪ್‌ಹೌಸು ನೋಡಿಕೊಂಡು ಬಂದಿದ್ದಳೋ. ಗೇಟಿನಲ್ಲಿ ಅಜ್ಜಿಯನ್ನು ಕಂಡು ನಿಂತಳು.

“ಅಜ್ಜೀ, ಯಾರಿಗೆ ಕಾಯ್ತಿದೀರಾ?”

“ನಂಗೇನು ಗೊತ್ತು ತಾಯಿ. ಕೂತ್ಕೋ ಅಂದ್ರು, ಕೂತಿದೀನಿ. ನಿನ್ನ ನೋಡಿದ್ರೆ ನೀನೂ ನನ್ನಂಗೇ, ಯಾರೋ ಹೋಗು ಅಂದಲ್ಲಿಗೆಲ್ಲ ಹೋಗೋಳು.”

ಆಕೆ ನಕ್ಕುಬಿಟ್ಟಳು. ಆಗ್ಲಿ ಸಾಹೇಬರೂ ನಕ್ಕರು, ಅವರ ನಗು ಗಂಟಲಿನಿಂದ ಈಚೆಗೆ ಬರಲಿಲ್ಲ.

ಆಕೆ ಬಾವಿಯ ಮುಚ್ಚಳ ತೆಗೆಸಿ ಬಗ್ಗಿ ನೋಡಿದಳು. ಹೂವಿನ ಕುಂಡ ಸರಿಸಿ ಸೋರಿಕೆಯನ್ನು ನೋಡಿ ಬರೆದುಕೊಂಡಳು. ಎರಡನೇ ಮೋಟಾರಿನ ಹಸಿರು ಬಣ್ಣಕ್ಕೆ ಬೆರಳು ಒತ್ತಿದಳು, ಬೆರಳಿಗೆ ಹತ್ತಿತು. “ಸರ್ವೀಸಿಗೆ ಹೋಗ್ಬೇಕಿತ್ತು ಮೇಡಂ,” ಅಂದರು ಸಾಹೇಬರು. “ಎಲ್ಲಿಗೆ ಹೋದ್ರೂ ಹೀಗೇ ಅಂತೀರಾ ನೀವೆಲ್ಲ,” ಅಂದಳು, ಸಿಟ್ಟಿಲ್ಲದೆ, ಸಿಟ್ಟು ಮಾಡುವಷ್ಟು ಕಸುವು ಉಳಿದಿಲ್ಲ ಎಂಬಂತೆ.

ಆಮೇಲೆ ನಮ್ಮ ಮನೆ. ಆಕೆ ಒಳಗೆ ಒಂದು ಸುತ್ತು ಹಾಕಿದಳು. ಕಿಟಕಿ ತೆರೆದಳು. ಸಾಲಾಗಿ ಕೂತಿದ್ದ ವಾಲ್ವುಗಳನ್ನು ನೋಡಿದಳು. “ಇವತ್ತು ನಾನು ನೋಡಿದ್ರಲ್ಲಿ ಸರಿಯಾಗಿರೋದು ಇದೊಂದೇ. ಗಾಳಿ ಬೆಳಕು ಚೆನ್ನಾಗಿದೆ,” ಅಂದಳು. ಅಪ್ಪ ಕೈ ಕಟ್ಟಿಕೊಂಡು ಮುಗುಳ್ನಕ್ಕ. ಆಕೆ ಅವನ ಕಡೆಗೇ ತಿರುಗಿ ಕೇಳಿದಳು, “ಇಲ್ಲಿ ಯಾರೂ ವಾಸ ಇಲ್ಲ ಅಲ್ವಾ?”

“ಇಲ್ಲ ಮೇಡಂ. ಸ್ಟೋರು.”

“ಸರಿ.” ಆಕೆ ಹೊರಗೆ ಬಂದಳು. ಫಿಟ್ಟರು ಚೀಲದಿಂದ ಒಂದು ಹೊಸ ಬೀಗ ತೆಗೆದು ಬಾಗಿಲಿಗೆ ಹಾಕಿ, ಕೀಲಿಕೈಯನ್ನು ಜೇಬಿಗೆ ಇಳಿಸಿದ.

ಅಪ್ಪನ ಮುಗುಳ್ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯಲು ಮರೆತವನಂತೆ. “ಬೀಗ...?” ಅಂದ.

“ಮಂಡಳಿಗೆ ಬಂದ ಸ್ಟೋರಿಗೆಲ್ಲ ನಮ್ಮ ಬೀಗ ಬೀಳುತ್ತೆ,” ಅಂದ ಫಿಟ್ಟರು. “ನಾಳೆ ನಮ್ ಮೋಟಾರ್ ಸಾಮಾನು ಬರ್ತದೆ ಅಣ್ಣಾ.”

ಅಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಮೊಬೈಲು ನೋಡಿದರು. “ಆಗ್ಲಿ, ನಾನು ಆಮೇಲೆ ಮಾತಾಡ್ತೀನಿ,” ಅಂತ ಅಪ್ಪನ ಕಿವಿಯ ಹತ್ತಿರ ಅಂದರು. ಅವರಿಗೂ ಬೀಗದ ವಿಷಯ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ದೇವರಿಗೇ ಗೊತ್ತು. ಅಷ್ಟರಲ್ಲಿ ಆಕೆ ತನ್ನ ಜೀಪಿನ ಕಡೆ ನಡೆದಿದ್ದಳು. ನಾನು ಹಿಂದೆ ಓಡಿದೆ.

“ಮೇಡಂ, ಅದು ಸ್ಟೋರಲ್ಲ! ಅದು ನಮ್ಮನೆ. ಗೇಟಲ್ಲಿ ಕೂತಿರೋದು ನಮ್ಮಜ್ಜಿ. ಅವಳ ಮಂಚ ಹಾಲಿನ ಹಿಂದೆ ಇದೆ, ಬನ್ನಿ ತೋರಿಸ್ತೀನಿ.”

ಆಕೆ ಜೀಪಿನ ಬಾಗಿಲು ಹಿಡಿದವಳು ಕೈ ಬಿಟ್ಟಳು. ಮೊದಲು ಸಾಹೇಬರನ್ನು, ಆಮೇಲೆ ನನ್ನನ್ನು ನೋಡಿದಳು.

“ಮುಂಚೆನೇ ಯಾಕೆ ಹೇಳ್ಲಿಲ್ಲ? ಜನ ಇದ್ರೆ ಜನ ಇದಾರೆ ಅಂತ ಬರ್ಕೋತೀವಪ್ಪಾ. ಬೇರೆ ಕಡೆ ಜಾಗ ತೋರ್ಸೋವರೆಗೂ ಎಬ್ಬಿಸೋ ಹಾಗಿಲ್ಲ. ನಮ್ಮಲ್ಲಿ ಅದೇ ರೂಢಿ.”

“ಜನ ಇದ್ರೆ ನೀವು ಮುಟ್ಟಲ್ಲ ಅಂತ ಹೇಳಿದ್ರು.”

“ಯಾರು ಹೇಳಿದ್ದು?”

ನಾನು ಸಾಹೇಬರ ಕಡೆ ನೋಡಿದೆ. ಆಕೆ ಅಪ್ಪನಿಗೆ ಕೇಳಿದಳು, ದನಿ ಏರಿಸದೆ. “ನೀವು ಹೇಳಿ ಯಜಮಾನರೇ. ಇಲ್ಲಿ ವಾಸ ಇದೀರಾ? ಇದೀವಿ ಅಂದ್ರೆ ಈಗ್ಲೇ ಬೀಗ ತೆಗಿಸ್ತೀನಿ. ಸಾಹೇಬ್ರು ಖಾಲಿ ಇದೆ ಅಂತ ಬರ್ಕೊಟ್ಟಿದಾರೆ, ಅದಕ್ಕೆ ಅವರನ್ನೇ ಕೇಳ್ತೀನಿ.”

ಸಾಹೇಬರು ಕರವಸ್ತ್ರವನ್ನು ಮಡಚಿದರು. “ಹೇಳಪ್ಪಾ, ಹೇಳು,” ಅಂದರು, ತಣ್ಣಗೆ.

ಅಪ್ಪ ಕಟ್ಟಿದ್ದ ಕೈ ಬಿಚ್ಚಿದ. ಈಗ ಹೇಳುತ್ತಾನೆ ಅಂದುಕೊಂಡೆ. ನನ್ನ ಕೈ ಮುಷ್ಟಿ ಕಟ್ಟಿತ್ತು. ಒಮ್ಮೆ ಹೇಳಲಿ, ಇನ್ನು ಜನ್ಮದಲ್ಲಿ ಎದುರು ಮಾತಾಡುವುದಿಲ್ಲ ಅಂತ ಅದರೊಳಗೇ ಆಣೆ ಹಾಕಿಕೊಂಡೆ.

“ಹುಡುಗನಿಗೆ ಸಿಟ್ಟು ಜಾಸ್ತಿ ಮೇಡಂ,” ಅಂದ ಅಪ್ಪ. “ಅವನ ಮಾತು ಮನಸ್ಸಿಗೆ ಹಾಕ್ಕೋಬೇಡಿ. ಅದು ಸ್ಟೋರೇ. ನಾವು... ಮಧ್ಯಾಹ್ನ ಅಲ್ಲಿ ಊಟಕ್ಕೆ ಕೂರ್ತಿದ್ವಿ, ಅಷ್ಟೇ.”

ಸಾಹೇಬರು ತಮ್ಮ ಜೀಪು ಹತ್ತಿದರು. ಆಕೆ ಹತ್ತಲಿಲ್ಲ. ಅಪ್ಪ ತಲೆ ತಗ್ಗಿಸಿ ಮೋಟಾರು ಹಾಲಿಗೆ ಹೋದ. ಅಲ್ಲಿ ಮಾಡುವಂಥದ್ದೇನೂ ಇರಲಿಲ್ಲ, ಎಣ್ಣೆಯ ಬಟ್ಟೆ ತೆಗೆದುಕೊಂಡು ಒರೆಸಿದ್ದನ್ನೇ ಒರೆಸತೊಡಗಿದ. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಅಂಗಿಯ ಹೆಗಲಿನಲ್ಲಿ ಸುಣ್ಣದ ಕಲೆ. ಆ ಬೆನ್ನಿಗೆ ಇಷ್ಟು ವಯಸ್ಸು ಯಾವಾಗ ಆಯಿತೋ!

ಆಕೆ ನನ್ನ ಹತ್ತಿರ ಬಂದಳು. “ಅವರು ಹೇಳಲ್ಲ, ಗೊತ್ತಾಯ್ತು. ಬಿಡು. ನೀನು ಹೇಳು. ಅಜ್ಜೀನ ಕರ್ಕೊಂಡು ಹೋಗೋಕೆ ನಿಮಗೆ ಜಾಗ ಇದೆಯಾ? ಇಲ್ಲ ಅಂದ್ರೆ ನಿನ್ನ ಮಾತಿನ ಮೇಲೇ ಬರ್ಕೋತೀನಿ. ನಿಮ್ಮಪ್ಪ ಸುಳ್ಳು ಹೇಳಿದ್ರು ಅಂತ ಅದ್ರಲ್ಲಿ ಬರುತ್ತೆ, ಅದನ್ನ ತಪ್ಪಿಸೋಕಾಗಲ್ಲ. ಅವರಿಗೆ ಒಂದು ವಿಚಾರಣೆ ಆಗಬಹುದು. ಆದ್ರೆ ಮನೆ ಉಳಿಯುತ್ತೆ.”

ಒಂದೇ ಮಾತು. ಇಲ್ಲ ಮೇಡಂ, ಜಾಗ ಇಲ್ಲ. ಬೆಳಗಿನಿಂದ ಅದನ್ನೇ ಕೂಗಬೇಕು ಅಂತ ಕುದಿಯುತ್ತಿದ್ದವನು ನಾನು. ಬಾಯಿ ತೆರೆದೆ. ಕಿಟಕಿಯಲ್ಲಿ ಬಟ್ಟೆ ಹಿಡಿದ ಕೈ ನಿಂತುಹೋಗಿತ್ತು. ಅಪ್ಪ ತಿರುಗಿ ನೋಡಲಿಲ್ಲ; ಕೇಳಿಸಿಕೊಳ್ಳುತ್ತಿದ್ದ, ಅಷ್ಟೇ. ಜೀವಮಾನವಿಡೀ ಯಾರ್ಯಾರದೋ ಸುಳ್ಳಿಗೆ ಬಣ್ಣ ಹೊಡೆದು ಕೊಟ್ಟವನು. ಸಾಹೇಬರು ‘ಅವನೇ ಸ್ಟೋರು ಅಂದ’ ಅಂತ ಜಾರಿಕೊಳ್ಳುತ್ತಾರೆ; ವಿಚಾರಣೆಗೆ ನಿಲ್ಲಬೇಕಾದವನು ಮಾತ್ರ ಅವನೊಬ್ಬನೇ.

“ಇದೆ ಮೇಡಂ,” ಅಂದೆ. “ದೊಡ್ಡಮ್ಮನ ಮನೆ ಇದೆ. ದೊಡ್ಡ ಮನೆ.”

“ನಿಜವಾಗ್ಲೂ?”

“ನಿಮಗ್ಯಾಕೆ ಅದೆಲ್ಲ? ಇದೆ ಅಂದ್ನಲ್ಲ!”

ಆಕೆ ತಲೆ ಆಡಿಸಿ ಜೀಪು ಹತ್ತಿದಳು. ಆಕೆ ನನ್ನನ್ನು ನಂಬಿದಳೋ, ನಂಬುವುದೇ ಸುಲಭ ಅಂದುಕೊಂಡಳೋ ತಿಳಿಯಲಿಲ್ಲ. ಎರಡಕ್ಕೂ ನಾನೇ ದಾರಿ ಮಾಡಿಕೊಟ್ಟಿದ್ದೆ.

ದೊಡ್ಡಮ್ಮನದು ಒಂದೇ ರೂಮು. ಅದರಲ್ಲಿ ಅವಳು, ಅವಳ ಇಬ್ಬರು ಮಕ್ಕಳು, ಒಬ್ಬ ಸೊಸೆ, ಒಂದು ಹೊಲಿಗೆ ಮಿಷನ್ನು. ಮಿಷನ್ನನ್ನು ಬಾಗಿಲ ಹೊರಗಿಟ್ಟರೆ ಅಜ್ಜಿಯನ್ನು ಕೂರಿಸಬಹುದು. ಮಲಗಿಸಲು ಆಗುವುದಿಲ್ಲ.

ಕಸ ಸಾಗಿಸುವ ತಳ್ಳುಗಾಡಿಯನ್ನು ತೊಳೆದು ತಂದೆ. ಅಮ್ಮ ಹಾಸಿಗೆ ಹಾಸಿದಳು, ಅದರ ಮೇಲೆ ಅಜ್ಜಿಯನ್ನು ಕೂರಿಸಿ, ಕಾಲ ಬಳಿ ಪಾತ್ರೆಯ ಮೂಟೆ ಇಟ್ಟಳು. ಮಂಚ, ಬೀರು ತಾಡಪಾಲಿನ ಅಡಿಯಲ್ಲೇ ಉಳಿದವು. ಅಪ್ಪನ ಪಾಳಿ ಇನ್ನೂ ಮುಗಿದಿರಲಿಲ್ಲ. ಬರುತ್ತೀಯಾ ಅಂತ ನಾನು ಕೇಳಲಿಲ್ಲ, ಬರುತ್ತೇನೆ ಅಂತ ಅವನೂ ಹೇಳಲಿಲ್ಲ.

“ಆ ಹೆಣ್ಮಗಳು ನಿನ್ನನ್ನ ಏನೋ ಕೇಳಿದ್ಲು,” ಅಂದಳು ಅಮ್ಮ, ಗಾಡಿಗೆ ಕೈ ಕೊಡುತ್ತ.

“ಕೇಳಿದ್ಲು.”

“ಏನಂದೆ?”

ಏರು ಶುರುವಾಗಿತ್ತು. ನಾನು ಗಾಡಿಯನ್ನು ಜೋರಾಗಿ ತಳ್ಳಿದೆ. ಅಮ್ಮ ನನ್ನ ಮುಖವನ್ನು ಒಮ್ಮೆ ನೋಡಿ ತಾನೂ ಹೆಗಲು ಕೊಟ್ಟಳು.

“ಲೇ ಪಟಾಕಿ, ಮೆಲ್ಲಗೆ ತಳ್ಳೋ,” ಅಂದಳು ಮೇಲಿನಿಂದ ಅಜ್ಜಿ. “ನಾನೇನು ವಾಲ್ವಾ?”