ಹೊಸಿಲು ದಾಟದ ಹಾಡು

ಸಾರಕ್ಕಿಯ ರವಿಕಿರಣ್‌ಗೆ ದೇವರ ಮೇಲೆ ಭಕ್ತಿ ಅಷ್ಟಕ್ಕಷ್ಟೇ. ಆದರೆ ‘ಸ್ವರಗೂಡು’ ಮೇಲೆ ಅಪಾರ ನಂಬಿಕೆ. ಹಾಡು ರೆಕಾರ್ಡ್ ಮಾಡುವ ಆ ಸಾಫ್ಟ್‌ವೇರನ್ನು ಅವನು ಲೈಫ್‌ಟೈಮ್ ಪ್ಲಾನಿನಲ್ಲಿ ಕೊಂಡಿದ್ದ. ಒಂದೇ ಸಲ ಕಟ್ಟಿ, ಮತ್ತೆ ಈ ಜನ್ಮದಲ್ಲಿ ಕೇಳಲ್ಲ ಅಂತ ಕಂಪನಿ ಮಾತು ಕೊಟ್ಟಿತ್ತು. ಮಹಡಿಯ ರೂಮಿನ ಗೋಡೆಗೆ ಹಳೇ ಹಾಸಿಗೆ ಬಡಿದು ಮಾಡಿಕೊಂಡಿದ್ದ ಸ್ಟುಡಿಯೋಗೆ ಯಾರೇ ಬರಲಿ, ಮೊದಲು ಅದರ ಗುಣಗಾನ ಕೇಳಬೇಕು. ಕುಮಾರಸ್ವಾಮಿ ಲೇಔಟಿನ ಗೆಳೆಯ ಮನೋಜ್ ಇವನ ಮಾತು ಕೇಳಿಯೇ ಕೊಂಡ. ಕಂಪನಿ ಸಂಬಳ ಕೊಟ್ಟು ಇಟ್ಟುಕೊಂಡವರೂ ಅದನ್ನು ಅಷ್ಟು ಹೊಗಳುತ್ತಿರಲಿಲ್ಲ.

ಅವನ ಅಜ್ಜಿ ಸೊಣ್ಣಮ್ಮ ಸೋಬಾನೆ ಹಾಡುತ್ತಿದ್ದವಳು. ಊರಿನಲ್ಲಿ ಅವಳ ದನಿಯಿಲ್ಲದೆ ಮದುವೆಹೆಣ್ಣು ಹಸೆಗೆ ಕೂತದ್ದೇ ಇಲ್ಲ. ಮೊಮ್ಮಗಳು, ಅಂದರೆ ರವಿಕಿರಣ್‌ನ ತಂಗಿ ಅರ್ಪಿತಳ ಮದುವೆ ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ ಅಂತ, ಸಾಯುವ ಹಿಂದಿನ ವರ್ಷ, ಮೈಕಿನ ಪಕ್ಕ ದೀಪ ಹಚ್ಚಿಸಿ ಹಸೆಗೆ ಕರೆಯುವ ಹಾಡು ಹಾಡಿದಳು. ಜೊತೆಗೊಂದು ಕಟ್ಟಳೆ.

“ಹೆಣ್ಣು ಹಸೆಗೆ ಹೊರಡೋಕ್ ಮುಂಚೆ ಈ ಹಾಡು ಹೊಸಿಲು ದಾಟಬಾರ್ದು ಕಣೋ.”

ರವಿಕಿರಣ್ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಫೋನಿಗೆ ಹಾಕಲಿಲ್ಲ, ಪೆನ್‌ಡ್ರೈವಿಗೆ ಇಳಿಸಲಿಲ್ಲ. ಸ್ವರಗೂಡಿನಲ್ಲಿ ಮಾತ್ರ ತೆರೆದುಕೊಳ್ಳುವ ಫೈಲಾಗಿ ಹಾಗೇ ಬಿಟ್ಟ.

ಅರ್ಪಿತಳ ಮದುವೆಗೆ ಮನೆಮುಂದೆ ಚಪ್ಪರ ಹಾಕಿದ ದಿನ, ಫೈಲು ಸರಿಯಿದೆಯಾ ಅಂತ ತೆರೆಯಲು ಹೋದರೆ, ಬೀಗ. ಲೈಫ್‌ಟೈಮ್ ಪ್ಲಾನ್ ರದ್ದಾಗಿದೆ, ಹಳೇ ಹಾಡುಗಳು ಬೇಕಿದ್ದರೆ ಇನ್ನು ವರ್ಷವರ್ಷ ಚಂದಾ ಕಟ್ಟಿ ಅಂತ, ಬಲೂನಿನ ಚಿತ್ರದ ಕೆಳಗೆ ಬರೆದಿತ್ತು. ಕೆನ್ನೆಗೆ ಹೊಡೆದು ಕಡಲೆಪುರಿ ಕೊಟ್ಟಂತಾಯಿತು. ಅದು ನಮ್ಮಜ್ಜಿ ಹಾಡು, ನಿಮ್ಮದಲ್ಲ ಅಂತ ಅವನು ಕಂಪನಿಗೆ ಬರೆದ. ನಿಮ್ಮ ಪ್ರೀತಿಗೆ ಧನ್ಯವಾದ, ಇವತ್ತೇ ಕಟ್ಟಿದರೆ ರಿಯಾಯಿತಿ ಇದೆ ಅಂತ ಉತ್ತರ ಬಂತು.

ಮನೋಜ್‌ಗೆ ಫೋನ್ ಮಾಡಿದ.

“ನನಗೂ ಹಂಗೇ ಬಂದೈತೆ. ಕಟ್ಟಿ ಬಿಸಾಕು ಮಗಾ, ಮದ್ವೆ ಮನೆ,” ಎಂದ ಮನೋಜ್.

“ದುಡ್ಡಿನ ಮಾತಲ್ಲ ಗುರು. ಇವರನ್ನ ನಮ್ಮೋರು ಅನ್ಕೊಂಡಿದ್ದೆ.”

“ನಾನೂ ನಿನ್ ಮಾತ್ ನಂಬಿ ತಗೊಂಡೆ,” ಎಂದು ಮನೋಜ್ ಫೋನಿಟ್ಟ. ಬೈದಿದ್ದರೂ ಚೆನ್ನಾಗಿತ್ತು, ಅವನು ಬೈಯಲಿಲ್ಲ.

ರವಿಕಿರಣ್ ಚಂದಾ ಕಟ್ಟಿದ. ಬೇರೆ ದಾರಿಯಿರಲಿಲ್ಲ. ಆದರೂ ಹಾಡನ್ನು ಮುಂಚಿತವಾಗಿ ಕೇಳಲಿಲ್ಲ, ಅಜ್ಜಿಯ ಕಟ್ಟಳೆ ಕಟ್ಟಳೆಯೇ. ಅರಿಶಿನದ ದಿನ ಲ್ಯಾಪ್‌ಟಾಪನ್ನು ಚಪ್ಪರದ ಸ್ಪೀಕರಿಗೆ ಸಿಕ್ಕಿಸಿದ. ಹಸೆಮಣೆ ಹಾಕಿ ಹೆಂಗಸರು ಕಾದಿದ್ದರು. ಅರ್ಪಿತ ಹೊಸಿಲ ಹತ್ತಿರ ಬಂದು ನಿಂತಳು.

ಮೊದಲು ಕೇಳಿಸಿದ್ದು ಅಜ್ಜಿಯ ಕೆಮ್ಮು. ಹಾಡಿಗೆ ಮುಂಚಿನ ಮಾತೂ ರೆಕಾರ್ಡಾಗಿದ್ದು ಅವನಿಗೆ ಮರೆತೇಹೋಗಿತ್ತು.

“ಲೋ ರವಿ, ಇದರೊಳಗೆ ಜೋಪಾನವಾಗಿರ್ತದೇನೋ? ಯಾರೂ ಕಿತ್ಕೊಳಲ್ಲ ತಾನೆ?”

ಅದಕ್ಕೆ ಅವನದೇ ದನಿ, ನಗುತ್ತಾ: “ಅವರು ಅಂಥೋರಲ್ಲ ಅಜ್ಜಿ. ನಾನ್ ಹೇಳ್ತಿದೀನಲ್ಲ, ಹಾಡು.”

“ನೀನ್ ಹೇಳಿದ್ಮೇಲೆ ಮುಗೀತು ಬಿಡು,” ಎಂದು ಅಜ್ಜಿ ಹಾಡತೊಡಗಿದಳು.

ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅರ್ಪಿತ ಅಳುತ್ತಲೇ ಹೊಸಿಲು ದಾಟಿ ಬಂದು ಹಸೆಗೆ ಕೂತು, ಅಣ್ಣನ ಕಡೆ ನೋಡಿ ನಕ್ಕಳು. ರವಿಕಿರಣ್‌ಗೆ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.