ಫೋಟೋದಲ್ಲಿ ಬಾರದ್ದು

ತನ್ನ ತಲೆಯಲ್ಲಿ ರೋಗ ಕಾಣಲಿ ಎಂದು ದೇವರಿಗೆ ಹರಕೆ ಹೊತ್ತವಳು ಮುದ್ದೇಬಿಹಾಳದಲ್ಲಿ ನಾನೊಬ್ಬಳೇ ಇರಬೇಕು. ಎಪ್ಪತ್ತಾರನೆಯ ಇಸವಿಯಲ್ಲಿ ಎಡಗಣ್ಣು ಮಂಜಾಗಿ, ತಿಂಗಳೊಪ್ಪತ್ತಿನಲ್ಲಿ ತಿಳಿಯಾಯಿತು. ಆಮೇಲೆ ಬಲಗಾಲು ಎಳೆಯತೊಡಗಿತು, ಅದೂ ಸುಧಾರಿಸಿತು. ಬಂದು ಹೋಗುವವರು ಬೀಗರು, ರೋಗ ಹಾಗಲ್ಲ ಎಂಬುದು ಅತ್ತೆ ಕಸ್ತೂರೆವ್ವನ ವಾದ.

ಬಿಜಾಪುರಕ್ಕೆ ಒಯ್ದು ತಲೆಯ ಎಕ್ಸರೇ ತೆಗೆಸಿದರು. ಅತ್ತೆ ಆ ಕರಿ ಹಾಳೆಯನ್ನು ಬಿಸಿಲಿಗೆ ಹಿಡಿದು ಓಣಿಗೆಲ್ಲ ಕೇಳುವಂತೆ ಅಂದಳು: "ನೋಡ್ರಿ, ಬುರುಡಿ ಸ್ವಚ್ಛ ಐತಿ. ಫೋಟೋದಾಗ ಏನೂ ಇಲ್ಲ. ಎಲ್ಲಾ ಸೋಗು!"

ಗಂಡ ಸಿದ್ದರಾಯ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಅವನಿಗಿಂತ ಬೈಯುವ ಅತ್ತೆಯೇ ವಾಸಿ.

ಕಾಲಿಗೆ ಕಸುವು ಬರಲೆಂದು ಅತ್ತೆ ಸೋಮವಾರಕ್ಕೊಮ್ಮೆ ಹಂಡೆಯ ಸುಡುನೀರು ಎರೆಯುತ್ತಿದ್ದಳು. ಮೈ ಕಾದಂತೆ ಕಣ್ಣಿಗೆ ಕತ್ತಲೆ ಬರುವುದು, ಆರಿದರೆ ಮತ್ತೆ ಬೆಳಕು. "ಬಚ್ಚಲದಾಗ ಹೋದ ಕಣ್ಣು ಉಣ್ಣಾಕ ಕುಂತಾಗ ಹ್ಯಾಂಗ ಬರ್ತಾವ?" ಎಂದು ಅತ್ತೆ ಕುಟುಕುವಳು. ನನ್ನನ್ನು ಹೂವಿನ ಹಿಪ್ಪರಗಿಗೆ, ತವರಿಗೆ, ಕಾಯಂ ಕಳಿಸುವ ಮಾತಾಯಿತು. ಸಿಂದಗಿಯಲ್ಲಿ ಗಂಡನಿಗೆ ಬೇರೆ ಹೆಣ್ಣನ್ನೂ ನೋಡಿಟ್ಟರು.

ಕಡೆಯ ಸಲವೆಂದು ಗಂಡ ನನ್ನನ್ನು ಸೊಲ್ಲಾಪುರದ ನರದ ಡಾಕ್ಟರರ ಹತ್ತಿರ ಕರೆದೊಯ್ದ. ನಾನು ಹಟಕ್ಕೆ ಬಿದ್ದು ಜಳಕದ ಸಂಗತಿಯನ್ನೂ ಹೇಳಿದೆ. ಅವರು ನಗಲಿಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಬೆರಳು ತೋರಿಸಿ ಎಣಿಸಲು ಹೇಳಿದರು. ಕಾವು ಏರಿದಂತೆ ಬೆರಳುಗಳು ಮಾಯವಾದವು, ಗಂಡನ ಎದುರಿಗೇ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು.

"ಬೆಳಕು ಬಿಟ್ರೂ ಕಣ್ಣಿನ ಪಾಪಿ ನೆಟ್ಟಗ ಕುಗ್ಗವಲ್ದು, ಅದಕ್ಕ ಸೋಗು ಹಾಕಾಕ ಬರೂದಿಲ್ಲ. ಈಕಿ ಹೇಳೂದು ಖರೇನ ಐತಿ," ಎಂದರು. "ಮಿದುಳಿನ ನರದ ಮ್ಯಾಲಿನ ಸಿಪ್ಪಿ ಅಲ್ಲಲ್ಲಿ ಸುಲೀತೈತಿ. ಎಕ್ಸರೇದಾಗ ಎಲುಬಷ್ಟ ಕಾಣ್ತೈತಿ. ಇದನ್ನ ತೋರಸೂ ಮಷಿನ್ನು ನಮ್ಮ ಕೈಗಿನ್ನೂ ಬಂದಿಲ್ಲ."

"ಔಷಧರೆ ಐತೇನ್ರೀ?" ಗಂಡ ಕೇಳಿದ.

"ಅದೂ ಬಂದಿಲ್ಲ."

ನನ್ನ ಕಿವಿಗೆ ಬಿದ್ದದ್ದು 'ಖರೇ' ಒಂದೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುಸ್ತಿ ಗೆದ್ದವಳಂತೆ ಕುಳಿತಿದ್ದೆ.

ಅತ್ತೆ ಹೊಸ್ತಿಲಲ್ಲೇ ಕೇಳಿದಳು: "ಫೋಟೋದಾಗ ಏನರೆ ಬಂತೇನೋ?"

"ಫೋಟೋದಾಗ ಬರೂದಲ್ಲಬೇ ಅದು," ಎಂದ ಗಂಡ. ನನ್ನ ಕಡೆ ತಿರುಗಿ, "ಐತಿ," ಎಂದ.

ಆ ಒಂದು ಮಾತಿಗಾಗಿ ನಾನು ಎರಡು ವರ್ಷ ಹಲ್ಲು ಕಚ್ಚಿ ಬದುಕಿದ್ದೆ. ಅತ್ತೆ ಈಗ ಏನು ಅಂತಾಳೋ ನೋಡೋಣ ಎಂದು ಸೆಟೆದು ನಿಂತೆ. ಅತ್ತೆ ಒಳಗೆ ಹೋಗಿ, ನನ್ನ ಜಳಕಕ್ಕೆ ಇಟ್ಟ ಹಂಡೆಯ ಕೆಳಗಿನ ಕೊಳ್ಳಿಗಳನ್ನು ಎಳೆದು, ನೀರು ಹೊಯ್ದು ಆರಿಸಿದಳು. ತಿರುಗಿ ಬಂದು ನನ್ನ ಕೈ ಹಿಡಿದು, ಕೂಸಿಗೆ ನಡೆಯಲು ಕಲಿಸುವಂತೆ ಹೊಸ್ತಿಲು ದಾಟಿಸಿದಳು.

'ಅದೂ ಬಂದಿಲ್ಲ' ಎಂದ ಡಾಕ್ಟರರ ಮಾತು ಆಗ ನನ್ನ ಕಿವಿಗೆ ಬಿತ್ತು, ಹೆದರಿಕೆ ಹತ್ತಿತು.

"ಅತ್ತೀ, ಸೋಗು ಅನ್ರಿ," ಎಂದೆ. "ಇನ್ನೊಮ್ಮೆ ಅನ್ರಿ."