ಹೆಬ್ಬೆಟ್ಟಿಗೂ ಮೊದಲ ಮಾತು

ಜಮೀಲುನ್ನೀಸಾ ಟೀಚರಮ್ಮನಿಗೆ ಎರಡು ಸಂಗತಿ ಕಂಡರೆ ಆಗುತ್ತಿರಲಿಲ್ಲ. ಒಂದು, ಬಿಸಿಲಿಗೆ ಮಕ್ಕಳು ಬಾಡುವುದು. ಇನ್ನೊಂದು, ಕೆಂಚಿಯ ಹಾಡು. ಹುಣಸೂರಿನ ಮರದ ವ್ಯಾಪಾರಿಯ ಮಗಳಾದ ಅವರು ಕಾಡಂಚಿನ ಈ ಶಾಲೆಗೆ ಹೆಡ್‌ಮಿಸ್ ಆಗಿ ಬಂದು ವರ್ಷ ತುಂಬಿತ್ತು. ಅಂತರಸಂತೆಯಲ್ಲಿ ಚಿಕ್ಕಮ್ಮ ಮುನ್ನೀಬಿಯ ಮನೆಯಲ್ಲಿ ವಾಸ. ಬೆಳಗ್ಗೆ ಗಾಡಿದಾರಿಯಲ್ಲಿ ಯಾರದಾದರೂ ಎತ್ತಿನ ಗಾಡಿ ಸಿಗುತ್ತಿತ್ತು. ಸಂಜೆ ಗಾಡಿ ಸಿಗದು, ನಡೆಯಲು ಹತ್ತಿರವಾದ ಬಿದಿರು ಮೆಳೆಯ ಪಕ್ಕದ ಕಾಲುದಾರಿಯೇ ಗತಿ. ಅವರು ಆ ದಾರಿ ಹಿಡಿದರೆ ಸಾಕು, ಹಳ್ಳದಾಚೆ ಕಾಡಿನ ಜನರ ಹಾಡಿಯ ಕೆಂಚಿ ಸೌದೆ ಹೊರೆ ಹೊತ್ತು ಹಿಂದೆಯೇ ಬರುವಳು, ಗಂಟಲು ಹರಿಯುವಂತೆ ಹಾಡುವಳು. ದಿನವಿಡೀ ಮಗ್ಗಿ ಕೇಳಿ ಕಿವಿ ತೂತಾದ ಟೀಚರಮ್ಮ ಹಲ್ಲು ಕಚ್ಚಿಕೊಂಡು ನಡೆಯುವರು. ಒಂದು ದಿನ ತಿರುಗಿ ಗದರಿಸಿಯೂ ಇದ್ದರು. ಕೆಂಚಿ ನಕ್ಕು, ಇನ್ನೂ ಜೋರಾಗಿ ಹಾಡಿದ್ದಳು.

ಅದು ಅರವತ್ತೆಂಟರ ಮಾರ್ಚಿ ತಿಂಗಳು. ತಗಡಿನ ಚಾವಣಿಯಡಿ ಕುಳ್ಳಮ್ಮ ಎಂಬಾಕೆಯ ಮಗಳು ಕಾಗುಣಿತ ಬರೆಯುತ್ತಲೇ ಸ್ಲೇಟಿನ ಮೇಲೆ ತಲೆಯಿಟ್ಟು ಮೂರ್ಛೆ ಹೋದಳು. ಅಂದೇ ಟೀಚರಮ್ಮ ಶಾಲಾ ಕಮಿಟಿ ಕರೆದರು. ನಾಳೆಯಿಂದ ಬೆಳಗಿನ ಶಾಲೆ, ಏಳಕ್ಕೆ ಗಂಟೆ, ಮಕ್ಕಳ ಆರೋಗ್ಯಕ್ಕೆ ನಾವೇ ಹೊಣೆ ಎಂದರು. ಬೆಂಚಿನಲ್ಲಿದ್ದ ಅಧ್ಯಕ್ಷ ಮರಿಯಯ್ಯನವರು ತಲೆಯಾಡಿಸಿ ಸಹಿ ಹಾಕಿದರು. ಹಾಡಿಯ ಕಡೆಯ ಸದಸ್ಯ ಜೋಗಯ್ಯ, ಕೆಂಚಿಯ ಗಂಡ, ಎಂದಿನಂತೆ ಹೊಸಿಲ ಬಳಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಇಂಕಿನ ಪ್ಯಾಡು ಮುಂದೆ ಬಂದಾಗ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡ.

ಮೊದಲ ದಿನ ಹಾಡಿಯ ಒಂಬತ್ತು ಮಕ್ಕಳೂ ಬರಲಿಲ್ಲ. ಎರಡನೆಯ ದಿನವೂ ಪತ್ತೆಯಿಲ್ಲ. ಬೇಗ ಏಳಲು ಸೋಮಾರಿತನ ಎಂದುಕೊಂಡ ಟೀಚರಮ್ಮನ ಪಿತ್ತ ನೆತ್ತಿಗೇರಿತು. ನಾಳೆಯೂ ಬರದಿದ್ದರೆ ಎಲ್ಲರ ಹೆಸರನ್ನೂ ಹೊಡೆದುಹಾಕುತ್ತೇನೆ ಎಂದು ಮರಿಯಯ್ಯನವರ ಕೈಲಿ ಹೇಳಿ ಕಳಿಸಿದರು.

ಮೂರನೆಯ ದಿನ ಏಳಕ್ಕೆ ಸರಿಯಾಗಿ ಒಂಬತ್ತೂ ಮಕ್ಕಳು ಹಾಜರು. ಅವರ ಮುಂದೆ ಜೋಗಯ್ಯ, ಕೈಯಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ ಮತ್ತು ಅದನ್ನು ಬಡಿಯಲು ಒಂದು ಕೋಲು. ಬೆಳಗಿನ ಚಳಿಯಲ್ಲೂ ಅವನ ಮೈ ಬೆವೆತಿತ್ತು.

"ಕೂಪಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗಲಿಲ್ಲವೇನಪ್ಪ?"

"ಐಕ್ಳ ಬುಟ್ಬರೋಕೆ ಬಂದೆ ಕಣವ್ವ. ಈ ಒತ್ನಲ್ಲಿ ಆನೆ ನೀರು ಕುಡ್ದು ಕಾಡ್ಗೆ ತಿರುಗ್ತವೆ."

"ಅವತ್ತು ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ?"

"ಎಬ್ಬೆಟ್ಟು ಒತ್ತು ಅಂದ್ರಿ, ಒತ್ದೆ." ಅವನ ದನಿಯಲ್ಲಿ ದೂರಿರಲಿಲ್ಲ.

ಟೀಚರಮ್ಮನಿಗೆ ನಂಬಿಕೆ ಬರಲಿಲ್ಲ. ಪಾಠವನ್ನು ಸಹಾಯಕ ಮೇಷ್ಟರಿಗೆ ವಹಿಸಿ, ತೋರಿಸು ನಡಿ ಎಂದು ಹೊರಟೇಬಿಟ್ಟರು.

ಅರ್ಧ ಮೈಲಿ ನಡೆದ ಮೇಲೆ ಹಳ್ಳ ಸಿಕ್ಕಿತು. ಒದ್ದೆ ಮರಳಿನ ಮೇಲೆ ಮಕ್ಕಳ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ನಡುವೆ, ಆ ಪುಟ್ಟ ಹೆಜ್ಜೆಗಳ ಮೇಲೆಯೇ, ಮೊರದಗಲದ ದುಂಡು ಹೆಜ್ಜೆಗಳು. ಮಕ್ಕಳು ದಾಟಿದ ಮೇಲೆ ಆನೆ ದಾಟಿತ್ತು, ಬಹಳ ಹೊತ್ತಿನ ಮೇಲೇನೂ ಅಲ್ಲ. ಒಂದು ದುಂಡು ಹೆಜ್ಜೆಯ ಅಂಚಿನಲ್ಲಿ ಐದು ಪುಟ್ಟ ಬೆರಳುಗಳ ಗುರುತಷ್ಟೇ ಉಳಿದಿತ್ತು.

"ಇದು ನಿಂಗೀದು," ಎಂದ ಜೋಗಯ್ಯ. "ಕೊನೇಲಿ ಬತ್ತಿದ್ಲು."

ಟೀಚರಮ್ಮ ಸೀರೆಯ ಪರಿವೆಯಿಲ್ಲದೆ ಮರಳಿನ ಮೇಲೆ ಕೂತುಬಿಟ್ಟರು. ಈಗಷ್ಟೇ ಹಾಜರಿ ಕೂಗುವಾಗ ನಿಂಗಿ ಎದ್ದು ನಿಂತು ಕೈಯೆತ್ತಿದ್ದಳು. ಹೆಸರು ಹೊಡೆದುಹಾಕುತ್ತೇನೆ ಎಂದ ತಮ್ಮದೇ ಮಾತು ನೆನೆದು ಅವರಿಗೆ ಅಳು ಬಂತು.

ಅಂದು ಸಂಜೆ ಕಮಿಟಿ ಮತ್ತೆ ಸೇರಿತು. ಟೀಚರಮ್ಮ ಜೋಗಯ್ಯನನ್ನು ಕರೆದು ಬೆಂಚಿನ ಮೇಲೆ, ಮರಿಯಯ್ಯನವರ ಪಕ್ಕದಲ್ಲೇ ಕೂರಿಸಿದರು. ಇಂಕಿನ ಪ್ಯಾಡನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು.

"ತಪ್ಪು ನನ್ನದು. ನೀವು ಹೇಳಿ ಜೋಗಯ್ಯನವರೇ, ನೀವು ಹೇಳುವ ತನಕ ಪ್ಯಾಡು ತೆಗೆಯುವುದಿಲ್ಲ."

ಜೋಗಯ್ಯ ಮರಿಯಯ್ಯನವರ ಮುಖ ನೋಡಿದ, ಸೂರು ನೋಡಿದ, ಕೊನೆಗೆ ಬಾಯಿ ಬಿಟ್ಟ. "ಒಂಬತ್ತು ಗಂಟೆಗೆ ಇಸ್ಕೂಲು ಸುರು ಮಾಡಿ. ಅಷ್ಟೊತ್ಗೆ ಆನೆ ಕಾಡು ಸೇರ್ಕಂಡಿರ್ತವೆ. ಬಿಸ್ಲಿಗೆ ಈ ತಗಡ್ನ ಮೇಲೆ ಉಲ್ಲು ಆಕುದ್ರೆ ತಣ್ಗಿರ್ತದೆ. ನಮ್ಮೋರೇ ಆಕ್ಕೊಡ್ತೀವಿ."

"ಇನ್‌ಸ್ಪೆಕ್ಟ್ರು ಬಂದು ಕೇಳುದ್ರೆ?" ಎಂದರು ಮರಿಯಯ್ಯ.

"ನನ್ನ ಹೆಸರು ಹೇಳಿ," ಎಂದರು ಟೀಚರಮ್ಮ. ಹಾಗೆಂದೇ ಕಮಿಟಿಯ ಪುಸ್ತಕದಲ್ಲಿ ಬರೆದರು. ಆಮೇಲೆ ಪ್ಯಾಡು ತೆಗೆಯುತ್ತಾ, "ನಾವು ಕೇಳದೆ ಬಿಟ್ಟಿದ್ದು ಇನ್ನೇನಾದರೂ ಉಂಟೇ?" ಎಂದರು.

ಜೋಗಯ್ಯ ತಲೆ ಕೆರೆದುಕೊಂಡ. "ಒಂದದೆ. ನೀವು ಸಂಜೆ ಆ ಬಿದಿರು ಮೆಳೆ ದಾರೀಲಿ ಓಗ್ಬೇಡಿ ಕಣವ್ವ. ಒಂಟಿ ಸಲಗ ಅಲ್ಲೇ ನಿಂತಿರ್ತದೆ."

"ವರ್ಷದಿಂದ ಹೋಗುತ್ತಿದ್ದೇನೆ, ಒಂದು ದಿನವೂ ಕಂಡಿಲ್ಲವಲ್ಲ?"

"ಅದ್ಕೇಯ ನಮ್ಮ ಕೆಂಚಿ ಅರಚ್ಕಂಡು ಇಂದ್ಗಡೆ ಬತ್ತಿರೋದು. ಸದ್ದು ಕೇಳುದ್ರೆ ಅದು ಸರ್ಕಂಡು ಓಯ್ತದೆ."

ಟೀಚರಮ್ಮ ಕೈಯಲ್ಲಿದ್ದ ಪ್ಯಾಡನ್ನು ಮೇಜಿನ ಮೇಲಿಟ್ಟರು. ಹೊಣೆ ತಮ್ಮದೆಂದು ಬೀಗಿದ್ದ ಅವರನ್ನು ವರ್ಷವಿಡೀ, ಬೈಸಿಕೊಂಡೂ, ಮನೆ ಮುಟ್ಟಿಸುತ್ತಿದ್ದವಳು ಆ ಹೆಂಗಸು.

ಮೀಟಿಂಗು ಮುಗಿದಾಗ ಕೆಂಚಿ ಸೌದೆ ಹೊರೆಯೊಂದಿಗೆ ಬೇಲಿಯ ಹತ್ತಿರ ಕಾದಿದ್ದಳು. ಟೀಚರಮ್ಮ ಹೋಗಿ ಅವಳ ಕೈ ಹಿಡಿದುಕೊಂಡರು. "ನಿನ್ನ ಋಣ ಹೇಗೆ ತೀರಿಸಲಿ ಕೆಂಚಮ್ಮ?" ಎಂದರು. ಕೆಂಚಿ ನಾಚಿ ಕೈ ಬಿಡಿಸಿಕೊಂಡಳು. ಇಬ್ಬರೂ ಗಾಡಿದಾರಿ ಹಿಡಿದು ಜೊತೆಜೊತೆಗೆ ನಡೆದರು. ಸ್ವಲ್ಪ ದೂರ ಹೋದರೂ ಕೆಂಚಿ ಬಾಯಿ ಬಿಡಲಿಲ್ಲ.

"ಯಾಕೆ, ಇವತ್ತು ಹಾಡಿಲ್ಲವೇ?"

"ಈ ದಾರೀಲಿ ಆನೆ ಬರಾಕಿಲ್ಲ ಕಣವ್ವ."

"ಗೊತ್ತು," ಎಂದರು ಟೀಚರಮ್ಮ. "ಆದರೂ ಹಾಡು. ನಾನು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ."